ಜಗತ್‌ನಿಂದ ಕಮಲಾಪುರಕ್ಕೆ, ಮಳೆಯ ಲೆಕ್ಕ ಹಿಡಿದು

ಕಲಬುರಗಿಯ ಆಟೋದವರಿಗೆ ‘ಜಗತ್’ ಎಂದರೆ ಸಾಕು, ವೃತ್ತ ಅಂತ ಸೇರಿಸಬೇಕಿಲ್ಲ. ಆರಿದ್ರಾ ಮಳೆ ಹೊಕ್ಕು ನಾಲ್ಕನೇ ದಿನ, ಬೆಳಗಿನ ಆರೂವರೆಗೆ ಅಲ್ಲಿ ಇಳಿದೆ. ಅಂಬೇಡ್ಕರ್ ಪ್ರತಿಮೆಯ ಆಚೆ ಪಡುವಣದ ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ಗಾಳಿ ಇತ್ತು, ಹನಿ ಇರಲಿಲ್ಲ. ಚಹಾದಂಗಡಿಯ ಮುಂದೆ ಬೀಜ, ಗೊಬ್ಬರ ಒಯ್ಯಲು ಹಳ್ಳಿಯಿಂದ ಬಂದ ನಾಲ್ಕಾರು ಮಂದಿ ನಿಂತಿದ್ದರು. ಒಬ್ಬ ಹುಡುಗ ಮೊಬೈಲ್ ನೋಡಿ ಗಟ್ಟಿಯಾಗಿ ಓದಿದ: ಮುಂದಿನ ಎರಡು ದಿನ ಜಿಲ್ಲೆಯ ಅಲ್ಲಲ್ಲಿ ಸಾಧಾರಣ ಮಳೆ. ಬಸಿಗೆ ಸುರುವಿಕೊಂಡು ಚಹಾ ಕುಡಿಯುತ್ತಿದ್ದ ಹಿರಿಯರು ತಲೆ ಎತ್ತಿದರು.

“ಮಳಿ ಬರ್ತದ ಅಂತ ಹೇಳ್ಯಾರ. ನಮ್ಮ ಹೊಲಕ್ಕ ಬರ್ತದ ಅಂತ ಎಲ್ಲಿ ಹೇಳ್ಯಾರೋ ತಮ್ಮಾ?”

ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯನ್ನೇ ಹಿಡಿದು ದಿನವಿಡೀ ಸುತ್ತಬೇಕೆಂದು ನಾನು ಆಗಲೇ ನಿಶ್ಚಯಿಸಿದೆ. ಆ ಹಿರಿಯ ಕಾಕಾ ಕೇಳಿದ್ದು ಮುನಿಸಿನ ಮಾತಾಗಿರಲಿಲ್ಲ, ಲೆಕ್ಕದ ಮಾತು. ಅವರ ಬಳಿ ಇದ್ದದ್ದು ಐದು ಎಕರೆ ಎರೆ ಭೂಮಿ, ಒಂದು ಚೀಲ ತೊಗರಿ ಬೀಜ, ಬಿತ್ತಲು ಉಳಿದ ಮೂರೋ ನಾಲ್ಕೋ ವಾರ.

‘ಅಲ್ಲಲ್ಲಿ’ ಎಂಬ ಮಾತನ್ನೇ ಮೊದಲು ನೋಡೋಣ. ಜಾರಿಕೊಳ್ಳಲು ಆಡಿದ ಮಾತು ಎಂದೇ ಬಹಳ ಜನ ತಿಳಿದಿದ್ದಾರೆ. ಹವಾಮಾನ ಇಲಾಖೆಯ ಭಾಷೆಯಲ್ಲಿ ಅದಕ್ಕೆ ಅಳತೆ ಇದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರೊಳಗೆ ಮಳೆಯಾದೀತು ಎಂದಿದ್ದರೆ ‘ಅಲ್ಲಲ್ಲಿ’. 26ರಿಂದ 50ರವರೆಗೆ ‘ಕೆಲವೆಡೆ’, 51ರಿಂದ 75ರವರೆಗೆ ‘ಹಲವೆಡೆ’, ಅದಕ್ಕೂ ಮೇಲೆ ಹೋದರೆ ‘ಬಹುತೇಕ ಎಲ್ಲ ಕಡೆ’. ‘ಸಾಧಾರಣ’ಕ್ಕೂ ಹೀಗೇ ಗೆರೆ ಹಾಕಿದೆ: ದಿನಕ್ಕೆ 15.6ರಿಂದ 64.4 ಮಿ.ಮೀ. ‘ಭಾರಿ’ ಎನ್ನಬೇಕಾದರೆ 64.5 ಮುಟ್ಟಬೇಕು. ಹಾಗಾದರೆ ಆ ಹುಡುಗ ಓದಿದ ಒಂದು ಸಾಲಿನ ಅರ್ಥ ಇಷ್ಟು: ನಾಲ್ಕು ಊರಲ್ಲಿ ಮೂರಕ್ಕೆ ಮಳೆ ಇಲ್ಲದೆ ಹೋಗಬಹುದು, ಬಂದ ಊರಲ್ಲಿ ಮಾತ್ರ ಭೂಮಿ ಚೆನ್ನಾಗಿ ನೆನೆಯಬಹುದು. ಇದನ್ನು ಹೀಗೆ ಬಿಡಿಸಿ ಹೇಳಿದ್ದರೆ ಕಾಕಾ ಆ ದಿನ ಚೀಲ ಬಿಚ್ಚುತ್ತಿದ್ದರೋ ಕಟ್ಟಿಡುತ್ತಿದ್ದರೋ, ಅದು ಅವರ ತೀರ್ಮಾನ. ತೀರ್ಮಾನಕ್ಕೆ ಬೇಕಾದ ಮಾತು ಅವರಿಗೆ ಪೂರ್ತಿ ತಲುಪಿರಲಿಲ್ಲ ಎಂಬುದು ನನ್ನ ತಕರಾರು.

ಜಗತ್‌ನಿಂದ ಆಳಂದ ರಸ್ತೆಗೆ ಹೋದೆ. ಅಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರವಿದೆ. ತೊಗರಿಯ ಮೇಲೆ ದಶಕಗಳಿಂದ ಕೆಲಸ ನಡೆದ ನೆಲ ಅದು. ಇಂಥ ಕೇಂದ್ರಗಳ ಹವಾಮಾನ ಅಂಗಳವನ್ನು ಹೊರಗಿನವರು ನೋಡುವುದೇ ಕಡಿಮೆ. ಬಿಳಿ ಬಣ್ಣದ ಪಟ್ಟಿಗಳ ಮರದ ಪೆಟ್ಟಿಗೆ. ಅದರೊಳಗೆ ಬಿಸಿಲು ತಾಗದಂತೆ ನಿಲ್ಲಿಸಿದ ಉಷ್ಣತಾಮಾಪಕಗಳು. ಒಂದು ಕಡೆ ಅಗಲ ಬಾಯಿಯ ನೀರಿನ ತೊಟ್ಟಿ, ದಿನಕ್ಕೆ ಎಷ್ಟು ನೀರು ಆವಿಯಾಯಿತೆಂದು ನೋಡಲು. ಇನ್ನೊಂದು ಕಡೆ ಗಾಜಿನ ಗುಂಡು. ಬಿಸಿಲು ಅದರ ಮೂಲಕ ಹಾಯ್ದು ಕೆಳಗಿನ ಕಾಗದದ ಪಟ್ಟಿಯನ್ನು ಸುಡುತ್ತಾ ಹೋಗುತ್ತದೆ. ಸಂಜೆ ಸುಟ್ಟ ಗೆರೆಯನ್ನು ಅಳೆದರೆ ಆ ದಿನ ಎಷ್ಟು ಗಂಟೆ ಬಿಸಿಲಿತ್ತೆಂದು ಗೊತ್ತಾಗುತ್ತದೆ. ನನಗೆ ಇಡೀ ಅಂಗಳದಲ್ಲಿ ಹೆಚ್ಚು ಇಷ್ಟವಾದ ಉಪಕರಣ ಅದೇ. ಬಿಸಿಲು ತನ್ನ ಹಾಜರಿಯನ್ನು ತಾನೇ ಬರೆದಿಟ್ಟು ಹೋಗುತ್ತದೆ.

ಮಳೆಯ ದಿನ ಬೆಳಗಿನ ಎಂಟೂವರೆಗೆ ಶುರುವಾಗಿ ಮರುದಿನ ಎಂಟೂವರೆಗೆ ಮುಗಿಯುತ್ತದೆ. ದೇಶದ ಎಲ್ಲ ಕೇಂದ್ರಗಳಲ್ಲೂ ಅದೇ ಹೊತ್ತಿಗೆ ಅಳತೆ ಜಾಡಿ ಎತ್ತಿ ನೋಡುತ್ತಾರೆ. ಆ ಅಂಕಿಗಳು, ಉಪಗ್ರಹದ ಚಿತ್ರ, ರೇಡಾರು, ಹಡಗು, ವಿಮಾನಗಳ ಮಾಹಿತಿ ಎಲ್ಲ ಸೇರಿ ಗಣಕಕ್ಕೆ ಹೋಗಿ ಮುನ್ಸೂಚನೆಯಾಗಿ ಹಿಂತಿರುಗುತ್ತವೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹವಾಮಾನ ಆಧಾರಿತ ಕೃಷಿ ಸಲಹೆ ಹೊರಡುತ್ತದೆ. ಮುಂದಿನ ಐದು ದಿನದ ಮಳೆ, ಉಷ್ಣಾಂಶ, ತೇವಾಂಶ, ಗಾಳಿ, ಮೋಡ, ಅದರ ಕೆಳಗೆ ಯಾವ ಬೆಳೆಗೆ ಏನು ಮಾಡಬೇಕೆಂಬ ಸೂಚನೆ. 2019ರಲ್ಲಿ ಬಂದ ‘ಮೇಘದೂತ್’ ಆ್ಯಪ್‌ನಲ್ಲಿ ಇದು ಕನ್ನಡದಲ್ಲೂ ಸಿಗುತ್ತದೆ. 1945ರಲ್ಲಿ ರೇಡಿಯೊದಲ್ಲಿ ರೈತರಿಗಾಗಿ ಹವಾಮಾನ ವರದಿ ಶುರುವಾದಾಗ ಇಡೀ ಪ್ರಾಂತ್ಯಕ್ಕೆ ಒಂದೇ ಮಾತು ಹೇಳುತ್ತಿದ್ದರು. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, 2024ರ ಅಕ್ಟೋಬರಿನಿಂದ ಗ್ರಾಮ ಪಂಚಾಯಿತಿಗೆ ಇಳಿದು ಬಂದಿದೆ. 2025ರ ಮೇ ತಿಂಗಳಲ್ಲಿ ದೇಶಕ್ಕೆ ಒಪ್ಪಿಸಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ನೆಲವನ್ನು 6 ಕಿ.ಮೀ. ಚೌಕಗಳಾಗಿ ಹೆಚ್ಚಿ ನೋಡುತ್ತದೆ. ಅದಕ್ಕೆ ಮೊದಲು 12 ಕಿ.ಮೀ. ಇತ್ತು.

ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ 6 ಕಿ.ಮೀ. ಚೌಕವೆಂದರೆ ಸುಮಾರು 8,900 ಎಕರೆ. ಕಾಕಾನ ಐದು ಎಕರೆ ಅದರೊಳಗೆ ಒಂದು ಮೂಲೆ. ಎತ್ತಿನ ಒಂದು ಕೋಡು ತೋಯ್ದು ಇನ್ನೊಂದು ಕೋಡು ಒಣಗಿರುತ್ತದೆ ಎಂದು ನಮ್ಮ ಕಡೆ ಹೇಳುವುದಿದೆ. ಮುಂಗಾರಿನ ಗುಡುಗು ಮಳೆ ಹಾಗೇ ಬೀಳುವುದು. ಮೋಡ ಹೊಲದ ಬದು ನೋಡಿ ಸುರಿಯುವುದಿಲ್ಲ, ಗಣಕವೂ ಇನ್ನೂ ಬದು ಕಾಣುವಷ್ಟು ಸೂಕ್ಷ್ಮವಾಗಿಲ್ಲ.

ಹತ್ತು ಗಂಟೆಗೆ ಧಾನ್ಯದ ಪೇಟೆಯಾದ ಗಂಜ್‌ನಲ್ಲಿದ್ದೆ. ತೊಗರಿ ರಾಶಿಯ ಕಾಲ ಇದಲ್ಲ. ಡಿಸೆಂಬರ್–ಜನವರಿಯಲ್ಲಿ ಬಂದರೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ‘ಗುಲ್ಬರ್ಗಾ ತೊಗರಿ ಬೇಳೆ’ ದೇಶಕ್ಕೆ ಹೊರಡುವುದು ಇಲ್ಲಿಂದ. ಒಂದು ದಾಲ್ ಮಿಲ್ಲಿನ ಅಂಗಳದಲ್ಲಿ ಹೋದ ವರ್ಷದ ತೊಗರಿಯನ್ನು ಒಣಹಾಕಿದ್ದರು. ಕಾಳಿನ ಮೇಲೆ ತುಸು ಗೀರು ಹಾಕಿ, ಎಣ್ಣೆ ಸವರಿ, ನೀರು ಚಿಮುಕಿಸಿ, ಆಮೇಲೆ ದಿನಗಟ್ಟಲೆ ಬಿಸಿಲಿಗೆ ಹರಡಿದರೇ ಸಿಪ್ಪೆ ಸಡಿಲಾಗಿ ಬೇಳೆ ಒಡೆಯುವುದು. ನಾನು ನೋಡುತ್ತಿದ್ದಂತೆ ಮೋಡ ಕವಿಯಿತು. ಎಲ್ಲಿಂದಲೋ ಒಂದು ಕೂಗು. ನಾಲ್ಕು ಹೆಣ್ಣುಮಕ್ಕಳು ಕಾಳು ಗುಡ್ಡೆ ಹಾಕಿದರು, ಇಬ್ಬರು ತಾಡಪತ್ರಿ ಎಳೆದು ಹೊದಿಸಿ ಅಂಚಿಗೆ ಕಲ್ಲಿಟ್ಟರು. ಎರಡೇ ನಿಮಿಷದ ಕೆಲಸ. ಮಳೆ ಬರಲಿಲ್ಲ. “ದಿನಕ್ಕ ಐದಾರು ಸಲ ಹಿಂಗೇ ಮಾಡ್ತೀವ್ರಿ ಅಣ್ಣಾರ. ಖರೆ ಯಾವಾಗ ಬರ್ತದಂತ ಯಾರರ ಹೇಳಿದ್ರ ನಮ್ಮ ರಟ್ಟಿ ಉಳೀತಾವ,” ಎಂದರು ಒಬ್ಬಾಕೆ. ಮುನ್ಸೂಚನೆಯ ಲಾಭ ಎಂದರೆ ಬೆಳೆ, ಅಣೆಕಟ್ಟು ಎಂದಷ್ಟೇ ಬರೆಯುವ ನಾವು ಈ ರಟ್ಟೆಗಳನ್ನು ಲೆಕ್ಕಕ್ಕೆ ತಂದಿಲ್ಲ.

ಉಗ್ರಾಣದ ಮುಂದೆ ಮಳೆ ಅಳೆಯುವ ರೂಢಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ, ಧಾನ್ಯದ ಕೋಠಿಯ ಎದುರು ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಅಗಲ ಬಾಯಿಯ ಪಾತ್ರೆ ಇಟ್ಟು ಮಳೆ ಅಳೆಯಬೇಕೆಂದು ವಿಧಿಸುತ್ತದೆ. ಪ್ರದೇಶಕ್ಕೆ ತಕ್ಕ ಮಳೆಯ ಪ್ರಮಾಣವನ್ನೂ ದ್ರೋಣದ ಲೆಕ್ಕದಲ್ಲಿ ಕೊಡುತ್ತದೆ. ಗೋದಾವರಿ ಸೀಮೆಯ ಅಶ್ಮಕಕ್ಕೆ ಹದಿಮೂರೂವರೆ ದ್ರೋಣ. ಯಾವ ನೆಲಕ್ಕೆ ಎಷ್ಟು ಮಳೆ, ಅದಕ್ಕೆ ಯಾವ ಬೀಜ ಎಂಬ ವಿಚಾರ ನಮ್ಮ ಈ ಭಾಗದ ಹತ್ತಿರದ ನೆಲದ ಬಗ್ಗೆಯೂ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ನಡೆದಿತ್ತು.

ಹುಮನಾಬಾದ್ ಬಸ್ಸು ಹಿಡಿದೆ. ಈ ದಾರಿ ಮುಂದೆ ಕಲ್ಯಾಣಕ್ಕೂ ಹೋಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ‘ಲೋಕೋಪಕಾರ’ ಬರೆದ. ಮಳೆಯ ಲಕ್ಷಣದಿಂದ ಹಿಡಿದು ನೆಲದಡಿಯ ನೀರು ಹುಡುಕುವವರೆಗೆ ಬದುಕಿಗೆ ಬೇಕಾದ್ದನ್ನೆಲ್ಲ ಕನ್ನಡದಲ್ಲಿ ಕೂಡಿಸಿಟ್ಟ. ಮುಂದೆ 1300ರ ಸುಮಾರಿಗೆ ರಟ್ಟಕವಿ ಮಳೆ, ಮಿಂಚು, ಭೂಕಂಪ, ಶಕುನಗಳ ಬಗ್ಗೆ ‘ರಟ್ಟಮತ’ವನ್ನೇ ರಚಿಸಿದ. ಇವುಗಳಲ್ಲಿ ಇಂದಿಗೆ ನಿಲ್ಲದ ಮಾತುಗಳು ಬೇಕಾದಷ್ಟಿವೆ. ಆದರೆ ಮಳೆಯ ವಿದ್ಯೆ ಒಕ್ಕಲಿಗನಿಗೆ ಅವನ ನುಡಿಯಲ್ಲೇ ಸಿಗಬೇಕೆಂದು ಅವರು ಅಂದುಕೊಂಡಿದ್ದರು, ಅದು ನಿಲ್ಲುವ ಮಾತು. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದೆ ಬಂತು ಎಂದು ನೋಡಿ, ಮುಂಗಾರಿ ಚೆನ್ನೋ ಹಿಂಗಾರಿ ಚೆನ್ನೋ ಎನ್ನುವ ಊರುಗಳು ಈ ದಾರಿಯ ಎರಡೂ ಬದಿಗಿವೆ. ಅದನ್ನು ಮೂಢನಂಬಿಕೆ ಎಂದು ಕೊಡವಿಬಿಡಲು ನನಗೆ ಮನಸ್ಸಿಲ್ಲ. ಏನು ಬಿತ್ತಬೇಕೆಂದು ಊರಿಗೆ ಊರೇ ಒಂದೆಡೆ ನಿಂತು ಯೋಚಿಸುವ ದಿನ ಅದು. ಕೃಷಿ ಸಲಹೆಯ ಹಾಳೆಯನ್ನು ಆ ದಿನವೇ ಅಗಸಿಯಲ್ಲಿ ಓದಿ ಹೇಳಿದರೆ ಎಷ್ಟು ಕಿವಿಗಳಿಗೆ ತಲುಪೀತು!

ಕುರಿಕೋಟಾ ಸೇತುವೆಯ ಬಳಿ ಇಳಿದೆ. ಕೆಳಗೆ ಬೆಣ್ಣೆತೊರಾ. ಹೇರೂರಿನ ಹತ್ತಿರದ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೆ ಚಾಚುತ್ತದೆ. ಕಲಬುರಗಿ ನಗರ ಕುಡಿಯುವುದು ಈ ಬೆಣ್ಣೆತೊರಾದ ನೀರನ್ನು ಮತ್ತು ಸರಡಗಿಯಿಂದ ಎತ್ತುವ ಭೀಮೆಯ ನೀರನ್ನು. ಬೇಸಿಗೆಯ ಕೊನೆಗೆ ಅಧಿಕಾರಿಗಳು ನೋಡುವುದು ಎರಡನ್ನು: ಡ್ಯಾಮಿನ ಮಟ್ಟ, ಮುಂಗಾರಿನ ದಿನಾಂಕ. ಮಳೆಗಾಲದ ನಡುವೆ ಪ್ರಶ್ನೆ ತಿರುಗುತ್ತದೆ. ಮೇಲ್ಗಡೆ ದೊಡ್ಡ ಮಳೆ ಬರಲಿದೆ ಎಂದು ಎರಡು ದಿನ ಮೊದಲು ಗೊತ್ತಾದರೆ ಗೇಟನ್ನು ತುಸು ತುಸುವಾಗಿ ತೆರೆದು ಜಾಗ ಮಾಡಿಕೊಳ್ಳಬಹುದು; ಗೊತ್ತಾಗದಿದ್ದರೆ ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು, ಕೆಳಗಿನ ಹಳ್ಳಿಗಳ ಹೊಲ ನೀರಿನಡಿ ಹೋಗುತ್ತದೆ. ಮಳೆ ಬರುತ್ತದೆಂದು ಬಿಟ್ಟು, ಬಾರದೇ ಹೋದರೆ ನಗರದ ನೀರಿಗೆ ಕುತ್ತು. ಆ ಗೇಟಿನ ಮುಂದೆ ನಿಲ್ಲುವ ಎಂಜಿನಿಯರರ ಸಂಕಟ ಬಿತ್ತುವ ರೈತನ ಸಂಕಟದಷ್ಟೇ ದೊಡ್ಡದು.

2020ರ ಅಕ್ಟೋಬರ್ ಈ ಜಿಲ್ಲೆ ಮರೆಯುವಂಥದ್ದಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 13ರಂದು ಕಾಕಿನಾಡದ ಹತ್ತಿರ ದಡ ಮುಟ್ಟಿ, ತೆಲಂಗಾಣ ಹಾಯ್ದು, ನಮ್ಮ ನೆತ್ತಿಯ ಮೇಲಿಂದ ಸೊಲ್ಲಾಪುರದ ಕಡೆಗೆ ಸಾಗಿತು. ಮೊದಲು ನಮ್ಮಲ್ಲೇ ಸುರಿದ ಮಳೆಗೆ ಹಳ್ಳಗಳು ಉಕ್ಕಿದವು. ಆಮೇಲೆ ಮಹಾರಾಷ್ಟ್ರದಲ್ಲಿ ಸುರಿದದ್ದು ಉಜನಿ ಜಲಾಶಯದಿಂದ ಭೀಮೆಗೆ ಬಿದ್ದು, ಸೊನ್ನ ಬ್ಯಾರೇಜು ದಾಟಿ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳನ್ನು ಸುತ್ತುಗಟ್ಟಿತು. ಮೇಲಿನಿಂದ ಬಿಟ್ಟ ನೀರು ಇಲ್ಲಿಗೆ ಬರಲು ಹೊತ್ತು ಬೇಕು. ಆ ಹೊತ್ತೇ ಜೀವ ಉಳಿಸಿಕೊಳ್ಳುವ ಅವಕಾಶ. ಭೀಮೆಗೆ ರಾಜ್ಯದ ಗಡಿ ಇಲ್ಲ, ಎಚ್ಚರಿಕೆಗೂ ಇರಬಾರದು.

ಮಧ್ಯಾಹ್ನ ಕಮಲಾಪುರ. ರಸ್ತೆಯ ಬದಿಗೆ ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು. ಭೌಗೋಳಿಕ ಗುರುತು ಇರುವ ಈ ಹಣ್ಣು ಬೆಳೆಯುವುದು ಇಲ್ಲಿಯ ಮತ್ತು ಸುತ್ತಲಿನ ತಗ್ಗಿನ ತೋಟಗಳಲ್ಲಿ ಮಾತ್ರ. ಗೊನೆ ಕೈಗೆ ಬರಲು ಸುಮಾರು ಹದಿನೆಂಟು ತಿಂಗಳು. ತೊಗರಿ ಒಂದು ಮುಂಗಾರು ನೋಡಿದರೆ ಮುಗಿಯಿತು. ಕೆಂಪು ಬಾಳೆ ಒಂದು ಪೂರ್ತಿ ಬೇಸಿಗೆಯನ್ನು, ಕೆಲವೊಮ್ಮೆ ಎರಡನ್ನೂ, ಕಲಬುರಗಿಯ ಬೇಸಿಗೆಯನ್ನು, ಗೆಲ್ಲಬೇಕು. ಏಪ್ರಿಲ್–ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಊರು ಇದು. ಅದರ ಜೊತೆಗೆ ಅಡ್ಡಮಳೆಯ ಬಿರುಗಾಳಿ. ತುಂಬಿದ ಗೊನೆ ಹೊತ್ತ ಗಿಡ ಒಂದು ಸಂಜೆಯ ಗಾಳಿಗೆ ಮಲಗಿದರೆ ಒಂದೂವರೆ ವರ್ಷದ ದುಡಿಮೆ ಹೋಯಿತು. ಮಳೆ ಎಷ್ಟು ಎಂಬುದಕ್ಕಿಂತ ಗಾಳಿ ಎಷ್ಟು ಎಂಬ ಅಂಕಿ ಇಲ್ಲಿಯವರಿಗೆ ಹೆಚ್ಚು ಬೇಕು. ಎರಡು ದಿನ ಮೊದಲು ತಿಳಿದರೆ ಗಳ ಕೊಟ್ಟು ನಿಲ್ಲಿಸಿಕೊಳ್ಳುತ್ತಾರೆ, ಬಲಿತ ಗೊನೆ ಇಳಿಸಿಕೊಳ್ಳುತ್ತಾರೆ.

ತೋಟದ ಆಚೆ ತೊಗರಿ ಹೊಲ. ಒಬ್ಬರು ಮಿರಗದ ಮಳೆಗೇ ಬಿತ್ತಿಬಿಟ್ಟಿದ್ದರು, ಎರಡೆಲೆ ಮೂಡಿ ಬಾಡಲು ಶುರುವಾಗಿತ್ತು. ಬದುವಿನ ಆಚೆಯವರು ಒಂದು ಗೇಣು ಭೂಮಿ ನೆನೆಯುವವರೆಗೆ ಕೂರಿಗೆ ಹೂಡುವುದಿಲ್ಲ ಎಂದು ಕಾದಿದ್ದರು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳ ಮುಟ್ಟಿ ಆಸೆ ಹುಟ್ಟಿಸಿ, ಆಮೇಲೆ ಹೆಚ್ಚುಕಡಿಮೆ ಮೂರು ವಾರ ಮುಂದೆ ಸರಿಯದೆ ನಿಂತಿತು. ಆ ವರ್ಷ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ 3.8 ಕೋಟಿ ರೈತರಿಗೆ, ನಾಲ್ಕು ವಾರ ಮುಂಚಿನವರೆಗಿನ ಮುಂಗಾರಿನ ಅಂದಾಜನ್ನು ಮೊಬೈಲ್ ಸಂದೇಶದಲ್ಲಿ ಕಳಿಸಿತು. ಮುಂಗಾರು ನಡುವೆ ನಿಲ್ಲುವ ಸುಳಿವು ಅದರಲ್ಲಿತ್ತು. ಬಿತ್ತುವ ಮುನ್ನ ತಲುಪುವ ಇಂಥ ಒಂದು ಸಾಲು, ಬಾಡಿದ ಮೇಲೆ ಕೊಡುವ ಪರಿಹಾರಕ್ಕಿಂತ ಮಿಗಿಲು.

ಬಿತ್ತಿದ ಮೇಲೂ ತೊಗರಿಗೆ ಆಕಾಶದ ಕಡೆಯೇ ಕಣ್ಣು. ಎರೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ನೆಟೆ ರೋಗ ಹಬ್ಬುತ್ತದೆ. 2022ರ ಕೊನೆಗೆ ಹೊಲಕ್ಕೆ ಹೊಲವೇ ಒಣಗಿ ನಿಂತಾಗ ಸರ್ಕಾರ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಸಾರಬೇಕಾಯಿತು. ಹೂವಾಡುವ ಅಕ್ಟೋಬರ್–ನವೆಂಬರಿನಲ್ಲಿ ಮೋಡ ಮುಚ್ಚಿಕೊಂಡೇ ಇದ್ದರೆ ಕಾಯಿಕೊರಕ. 1997–98ರಲ್ಲಿ ಅಕಾಲ ಮಳೆ, ಮೋಡ, ಕೀಡೆ ಒಟ್ಟಿಗೆ ಬಂದು ತೊಗರಿಯನ್ನು ನುಂಗಿದ್ದು, ಬೀದರ್ ಮತ್ತು ಕಲಬುರಗಿಯಲ್ಲಿ ಸಾಲಕ್ಕೆ ಅಂಜಿ ರೈತರು ಪ್ರಾಣ ಕಳೆದುಕೊಂಡದ್ದು ಇಲ್ಲಿಯ ಹಿರಿಯರಿಗೆ ನಿನ್ನೆಯಂತೆ ನೆನಪಿದೆ. ಔಷಧಿ ಮೇಲೆ ಔಷಧಿ ಹೊಡೆದರು, ಕೀಡೆ ಸಾಯಲಿಲ್ಲ. ಕೊನೆಗೆ ಗಿಡ ಅಲುಗಿಸಿ ಬಟ್ಟೆಯ ಮೇಲೆ ಕೀಡೆ ಉದುರಿಸಿ ಆರಿಸಿದರು. ಈಗ ಹೂವಿಗೆ ‘ಪಲ್ಸ್ ಮ್ಯಾಜಿಕ್’ ಎಂಬ ಪೋಷಕಾಂಶದ ಮಿಶ್ರಣ ಸಿಂಪಡಿಸುವಾಗಲೂ ಅದೇ ಕೇಳಬೇಕು: ಇವತ್ತು ಸಂಜೆ ಮಳೆ ಇದೆಯೇ? ಸಿಂಪಡಿಸಿದ ಬೆನ್ನಿಗೇ ಮಳೆ ಬಂದರೆ ದುಡ್ಡು ಹಳ್ಳಕ್ಕೆ ಹರಿಯಿತು.

ಹತ್ತಿರದ ಹಳ್ಳಿಯ ಪಂಚಾಯಿತಿಗೆ ಹೋದೆ. ಮಾಳಿಗೆಯ ಮೇಲೆ ಒಂದು ಕಂಬ, ಚಿಕ್ಕ ಸೌರಫಲಕ, ಪಕ್ಕದಲ್ಲಿ ಡಬ್ಬಿಯಂಥ ಮಳೆಮಾಪಕ. ರಾಜ್ಯದಲ್ಲಿ ಇಂಥವು ಆರು ಸಾವಿರಕ್ಕೂ ಹೆಚ್ಚಿವೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ, ಈಗ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇವನ್ನು ಕೂರಿಸಿದೆ. ಬೇರೆ ರಾಜ್ಯಗಳು ಬಂದು ನೋಡಿ ಕಲಿಯುವಂಥ ಕೆಲಸ. ಡಬ್ಬಿಯೊಳಗೆ ತಕ್ಕಡಿಯಂಥ ಪುಟ್ಟ ಜೋಡಿ ಬಟ್ಟಲು. ಒಂದು ತುಂಬಿ ವಾಲಿದರೆ ಇನ್ನೊಂದು ಮೇಲೇಳುತ್ತದೆ, ಪ್ರತಿ ಸಲ ವಾಲಿದಾಗಲೂ ಒಂದು ಎಣಿಕೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಯಲಹಂಕಕ್ಕೆ ಹೋಗುತ್ತದೆ. ಬೆಳೆ ವಿಮೆಗೂ ಬರ ಘೋಷಣೆಗೂ ಈ ಅಂಕಿಗಳು ಆಧಾರ. ಅದರ ಬಾಯಲ್ಲಿ ಬೇವಿನೆಲೆ ಬಿದ್ದು ಜೇಡ ಬಲೆ ಕಟ್ಟಿದರೆ ಇಡೀ ಊರಿನ ಮಳೆ ಕಡಿಮೆ ಎಂದು ದಾಖಲಾಗುತ್ತದೆ.

ಕೆಳಗೆ ಕಟ್ಟೆಯ ಮೇಲೆ ಕೂತವರನ್ನು ಕೇಳಿದೆ: ಮೊನ್ನೆ ನಿಮ್ಮೂರಿಗೆ ಎಷ್ಟು ಮಳೆ ಆಯ್ತು? “ಚಲೋ ಆಗ್ಯಾದ್ರಿ,” ಒಬ್ಬರು. “ಏನ್ ಚಲೋ, ಧೂಳ ಅಡಗ್ಯಾದ ಅಷ್ಟ,” ಇನ್ನೊಬ್ಬರು. ಅವರ ನೆತ್ತಿಯ ಮೇಲಿನ ಡಬ್ಬಿ ನಿಖರವಾಗಿ ಎಣಿಸಿ ಆರುನೂರು ಕಿ.ಮೀ. ದೂರಕ್ಕೆ ಕಳಿಸಿದ ಅಂಕಿ ಅವರಿಗೆ ಗೊತ್ತಿರಲಿಲ್ಲ. ಒಂದು ಮಿ.ಮೀ. ಮಳೆ ಎಂದರೆ ಎಕರೆಗೆ 4 ಸಾವಿರ ಲೀಟರಿಗೆ ತುಸು ಮೇಲೆ, 25 ಮಿ.ಮೀ. ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್, ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್. ಈ ಲೆಕ್ಕ ಹೇಳಿದಾಗ ಧೂಳು ಅಡಗಿದೆ ಎಂದವರು ಹತ್ತಿರ ಸರಿದು ಕೂತರು. “ಹಂಗಾದ್ರ ಮೊನ್ನೆ ಎಷ್ಟಾಗ್ಯಾದ, ಯಾರಿಗಿ ಕೇಳಬೇಕ್ರಿ?” ಎಂದು ಕೇಳಿದರು.

ಸಂಜೆ ಜಗತ್‌ಗೆ ಮರಳುವ ಹೊತ್ತಿಗೆ ದೀಪ ಹೊತ್ತಿದ್ದವು. ಈ ನಗರದ ಸ್ಟೇಷನ್ ರಸ್ತೆಯಲ್ಲೇ ಏಳು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಜೆಸ್ಕಾಂನ ಕೇಂದ್ರ ಕಚೇರಿ ಇದೆ. ಮಳೆಗೂ ವಿದ್ಯುತ್ತಿಗೂ ನಂಟು ಎಂದರೆ ಅಣೆಕಟ್ಟಿನ ಟರ್ಬೈನು ಮಾತ್ರ ನೆನಪಾಗುತ್ತದೆ. ಹೊಲದ ಕಡೆಯಿಂದ ನೋಡಿ. 5 ಎಚ್‌ಪಿ ಪಂಪ್‌ಸೆಟ್ ಎಳೆಯುವುದು ಸುಮಾರು 3.7 ಕಿಲೋವಾಟ್. ಒಳ್ಳೆಯ ಮಳೆ ಬಿದ್ದು ಅಂಥ ಒಂದು ಲಕ್ಷ ಪಂಪು ಸುಮ್ಮನಾದರೆ 370 ಮೆಗಾವಾಟ್ ಬೇಡಿಕೆ ಇಳಿಯಿತು. ರಾಯಚೂರು ಶಕ್ತಿನಗರದ 210 ಮೆಗಾವಾಟ್ ಘಟಕವೊಂದು ಪೂರ್ತಿ ಕೊಡುವುದಕ್ಕಿಂತ ಅದು ಹೆಚ್ಚು. 2023ರಲ್ಲಿ ತಿರುವುಮುರುವಾಯಿತು. 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದವು, ಮಳೆಗಾಲದಲ್ಲೇ ಪಂಪುಗಳು ಓಡಿದವು, ಜಲಾಶಯಗಳು ತುಂಬಿರಲಿಲ್ಲ, ರೈತರಿಗೆ ಏಳು ಗಂಟೆ ಕರೆಂಟು ಕೊಡುವುದೇ ಕಷ್ಟವಾಯಿತು. ಸೌರ, ಪವನ ವಿದ್ಯುತ್ ಹೆಚ್ಚಿದಷ್ಟೂ ಈ ನಂಟು ಬಿಗಿಯಾಗುತ್ತಿದೆ. ನಾಳೆ ಎಷ್ಟು ಬಿಸಿಲು, ಎಷ್ಟು ಗಾಳಿ ಎಂದು ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ ಮೊದಲೇ ಒಪ್ಪಿಸಬೇಕೆಂಬ ನಿಯಮವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲೇ ಮಾಡಿತು. ಅಂದಾಜು ಮಿತಿ ಮೀರಿ ತಪ್ಪಿದರೆ ಉತ್ಪಾದಿಸುವ ಕಂಪನಿ ದಂಡ ತೆರಬೇಕು. ಅಂದಾಜು ತಪ್ಪಿದರೆ ರೈತನೂ ತೆರುತ್ತಾನೆ, ಬೀಜದ ಚೀಲದ ಲೆಕ್ಕದಲ್ಲಿ.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳಲ್ಲಿ, ಊರ ಶಾಲೆಯ ಗುರುಗಳಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮ ಮಾಳಿಗೆಯ ಮಳೆಮಾಪಕ ಏರಿ ನೋಡಿ, ಕಸ ತೆಗೆಸಿ. ಪಂಚಾಯಿತಿ ಗೋಡೆಗೆ ಒಂದು ಕರಿ ಹಲಗೆ ಹಾಕಿ ದಿನವೂ ಎರಡು ಸಾಲು ಬರೆಯಿಸಿ: ನಿನ್ನೆ ಎಂಟೂವರೆಯಿಂದ ಇಂದು ಎಂಟೂವರೆಯವರೆಗೆ ನಮ್ಮೂರಿಗೆ ಬಿದ್ದ ಮಳೆ ಇಷ್ಟು, ಮುಂದಿನ ಎರಡು ದಿನದ ಅಂದಾಜು ಇಷ್ಟು. ಐದನೇ ತರಗತಿಯ ಮಗು ಬರೆಯಬಲ್ಲದು. ಒಂದು ಮುಂಗಾರು ಬರೆದರೆ ಅಂದಾಜು ಎಷ್ಟು ಸಲ ನಿಜವಾಯಿತು, ಎಷ್ಟು ಸಲ ತಪ್ಪಿತು ಎಂಬುದು ಊರಿಗೇ ತಿಳಿಯುತ್ತದೆ, ಎಷ್ಟು ನಂಬಬೇಕೆಂಬುದೂ ತಿಳಿಯುತ್ತದೆ. ಹಲಗೆ ಬರುವವರೆಗೆ ರೈತ ಬಂಧುಗಳು ಕೇಳುವ ಜಾಗ ಇದೆ: ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ, 92433 45433. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ಪಂಚಾಯಿತಿಯ ಹೆಸರು ಹೇಳಿ ಕೇಳಿ.